ಕಾವು ಕೂತದ್ದು ನನ್ನ ಹೇಂಟೆ, ಸರ್ಟಿಫಿಕೇಟು ಜುಂಜಮ್ಮನಿಗೆ

ಮದಲೂರು, ಸಿರಾ ತಾಲ್ಲೂಕು
೧೨-೨-೧೯೬೨

ಕೋಳಿಗಳ ಏಳಿಗೆಯ ಹೊಣೆ ಹೊತ್ತಿರುವ ಮಾನ್ಯ ಅಧಿಕಾರಿಗಳೇ,

ಕಳೆದ ತಿಂಗಳ ಕೋಳಿ ಪ್ರದರ್ಶನದಲ್ಲಿ ತಾವು ನಮ್ಮೂರಿನ ಜುಂಜಮ್ಮನಿಗೆ ‘ಆದರ್ಶ ಕೋಳಿ ಸಾಕಣೆಗಾರ್ತಿ’ ಎಂದು ಸರ್ಟಿಫಿಕೇಟು ಕೊಟ್ಟಿರಿ. ಆಕೆಯ ಬಿಳಿ ಸೀಮೆಕೋಳಿಗಳು ಮೊಟ್ಟೆಯಾಗಿದ್ದಾಗ ಕಾವು ಕೊಟ್ಟು ಮರಿ ಮಾಡಿದ್ದು ನನ್ನ ಬೂದುಬಣ್ಣದ ನಾಟಿ ಹೇಂಟೆ. ಈ ಸಂಗತಿ ಸರ್ಟಿಫಿಕೇಟಿನಲ್ಲಿ ಎಲ್ಲೂ ಇಲ್ಲ. ಹೇಂಟೆಯ ಪ್ರಸ್ತಾಪವಿಲ್ಲ, ಹೋಗಲಿ, ಅದಕ್ಕೆ ಓದಲು ಬಾರದು. ನನ್ನ ಹೆಸರೂ ಇಲ್ಲ. ನನಗೆ ಓದಲು ಬರುತ್ತದೆ. ಆದ್ದರಿಂದ ಈ ಕಾಗದ ತಮಗೊಂದು, ಪತ್ರಿಕೆಗೊಂದು.

ಜುಂಜಮ್ಮನಿಗೂ ನನಗೂ ನಡುವೆ ಮೊಳಕಾಲೆತ್ತರದ ಒಂದು ಗೋಡೆ. ಅವಳದು ಕುರಿ ಮೇಯಿಸುವ ಮನೆ. ಕುರಿಯ ಕೆಮ್ಮು ಕೇಳಿ ಕಾಯಿಲೆ ಹೇಳುತ್ತಾಳೆ, ಕೋಳಿಯ ವಿಚಾರ ಮಾತ್ರ ಏನೂ ಗೊತ್ತಿಲ್ಲ. ನಾನು ಇಪ್ಪತ್ತು ವರ್ಷದಿಂದ ಕೋಳಿ ಸಾಕಿದವಳು. ಬೀದಿಯಲ್ಲಿ ಯಾರ ಕೋಳಿ ತೂಕಡಿಸಿದರೂ ಮೊದಲು ನನ್ನ ಬಾಗಿಲಿಗೆ ಬರುತ್ತಿದ್ದರು. ತಮ್ಮ ಗ್ರಾಮಸೇವಕರು ಹದಿಮೂರು ಸೀಮೆಕೋಳಿ ಮೊಟ್ಟೆಗಳನ್ನು ಹೊಟ್ಟಿನಲ್ಲಿ ಹುದುಗಿಸಿಕೊಂಡು ಬಂದದ್ದೂ ನನ್ನನ್ನು ಹುಡುಕಿಕೊಂಡೇ. ಆ ದಿನ ನಾನು ಮಗಳ ಬಾಣಂತನಕ್ಕೆಂದು ಕೊರಟಗೆರೆಯಲ್ಲಿದ್ದೆ. ಬೀಗ ನೋಡಿದವರು ಪಕ್ಕದ ಮನೆಗೆ ಕೊಟ್ಟು ಹೊರಟರು. ಎರಡು ದಿನ ತಡೆದು ಬರಬಾರದಿತ್ತೆ? ಸರ್ಕಾರದ ಸಕಲ ಕೆಲಸವೂ ನಿಧಾನವಾಗಿ ನಡೆಯುವಾಗ ಮೊಟ್ಟೆ ಹಂಚುವ ಕೆಲಸವೊಂದೇ ಹೇಳಿದ ದಿನಕ್ಕೆ ನಡೆಯಬೇಕಿತ್ತೆ?

ನಾನು ಬಂದು ಗಂಟು ಇಳಿಸುವಷ್ಟರಲ್ಲಿ ಜುಂಜಮ್ಮ ಗೋಡೆಯ ಹತ್ತಿರ ನಿಂತಿದ್ದಳು. “ಸರಸಕ್ಕ, ನಿನ್ ಹ್ಯಾಟೆ ಕಾವಿಗ್ ಬಂದೈತೆ. ಇಪ್ಪತ್ತೊಂದ್ ದಿನ ಕೊಡು ಕಣಕ್ಕ, ಇಲ್ದಿದ್ರೆ ಮೊಟ್ಟೆ ಕೆಟ್ಟೋಯ್ತವೆ” ಎಂದಳು. ಕೊಟ್ಟೆ. ಹೇಂಟೆಯನ್ನಷ್ಟೇ ಅಲ್ಲ, ನನ್ನನ್ನೂ ಕೊಟ್ಟುಕೊಂಡೆ. ಹೇನು ಹತ್ತದಂತೆ ಕಾವಿನ ಮಂಕರಿಬುಟ್ಟಿಯಲ್ಲಿ ಬೂದಿ ಹರಡಿದವಳು ನಾನು. ದಿನಕ್ಕೊಮ್ಮೆ ಹೇಂಟೆಯನ್ನು ಎಬ್ಬಿಸಿ ನುಚ್ಚು ನೀರು ಕೊಟ್ಟು ಮತ್ತೆ ಕೂರಿಸಿದವಳು ನಾನು. ಹನ್ನೊಂದು ಪಿಳ್ಳೆಗಳು ಹೊರಬಂದ ಮೇಲೆ, ಕೋಳಿಗಳಿಗೆ ತಗಲುವ ಕೊಕ್ಕರೆ ರೋಗಕ್ಕೆ ಸೂಜಿ ಹಾಕಿಸಲು ಅದೇ ಮಂಕರಿಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಸಿರಾಕ್ಕೆ ಹೋದವಳೂ ನಾನೇ.

ಪ್ರದರ್ಶನದ ದಿನ ತಾವು ಮಾಡಿದ ಭಾಷಣ ನನಗೆ ಬಾಯಿಪಾಠವಾಗಿದೆ. ನಾಟಿ ಕೋಳಿ ಸೋಮಾರಿ, ಹತ್ತು ಮೊಟ್ಟೆಯಿಟ್ಟು ತಿಂಗಳುಗಟ್ಟಲೆ ಸುಮ್ಮನೆ ಕೂತುಬಿಡುತ್ತದೆ, ಇಂಥದನ್ನು ಊರಿನಿಂದಲೇ ಸಾಗಹಾಕಿ ಎಂದಿರಿ. ಸ್ವಾಮಿ, ಅದು ಸುಮ್ಮನೆ ಕೂತದ್ದಲ್ಲ, ಕಾವಿಗೆ ಕೂತದ್ದು. ತಮ್ಮ ಸೀಮೆಕೋಳಿ ಮೊಟ್ಟೆಯಿಟ್ಟು ರೆಕ್ಕೆ ಕೊಡವಿ ಎದ್ದು ಹೋಗುತ್ತದೆ, ತಿರುಗಿಯೂ ನೋಡುವುದಿಲ್ಲ. ಕೂರುವವರೆಲ್ಲ ಸೋಮಾರಿಗಳಾದರೆ ಕಚೇರಿಗಳ ಗತಿಯೇನು?

ಜುಂಜಮ್ಮನನ್ನು ಮಾತಾಡಲು ಕರೆದಿರಿ. ಅವಳು ಸೆರಗು ಹೊದ್ದು ನಿಂತು, “ನಂಗೇನ್ ತಿಳೀತದೆ ಸ್ವಾಮಿ, ಹ್ಯಾಟೆ ಸರಸಕ್ಕುಂದು, ಬುದ್ದಿನೂ ಸರಸಕ್ಕುಂದು” ಎಂದಳು. ತಾವು ನಕ್ಕು, ನೋಡಿ, ಹಳ್ಳಿಯ ಹೆಣ್ಣುಮಗಳಿಗೆ ಎಂಥ ವಿನಯ ಎಂದು ಇನ್ನೊಮ್ಮೆ ಚಪ್ಪಾಳೆ ಹೊಡೆಸಿದಿರಿ. ನಿಜ ಹೇಳಿದ್ದಕ್ಕೂ ಅವಳಿಗೇ ಬಹುಮಾನ! ಅವಳು ಒಂದಿಷ್ಟು ಸುಳ್ಳು ಹೇಳಿದ್ದರೆ ಬಾಯಿತುಂಬ ಬೈದು ಹಗುರವಾಗುತ್ತಿದ್ದೆ. ಆ ಸುಖವೂ ನನಗಿಲ್ಲ.

ಇದು ಹೊಟ್ಟೆಕಿಚ್ಚು ಎಂದು ತಾವು ಅಂದುಕೊಂಡರೆ ಅಂದುಕೊಳ್ಳಿ. ಹೌದು, ಹೊಟ್ಟೆಕಿಚ್ಚೇ. ಕನ್ನಡಿ ಹಾಕಿಸಿದ ಆ ಸರ್ಟಿಫಿಕೇಟು ಅವಳ ನಡುಮನೆಯಲ್ಲಿ ತೂಗುತ್ತಿದೆ. ಬಾಗಿಲು ತೆರೆದಾಗಲೆಲ್ಲ ನನಗೆ ಕಾಣುತ್ತದೆ. ಮಧುಗಿರಿ ಕಡೆಯಿಂದಲೂ ಜನ ಕೋಳಿ ನೋಡಲು ಬರುತ್ತಾರೆ. ಮೊನ್ನೆ ಬಡವನಹಳ್ಳಿಯವರೊಬ್ಬರು ನನ್ನ ಜಗಲಿಯಲ್ಲೇ ನೀರು ಕುಡಿದು, ಓ, ನೀವು ಜುಂಜಮ್ಮನ ಪಕ್ಕದ ಮನೆಯವರಾ ಎಂದರು. ಇಪ್ಪತ್ತು ವರ್ಷ ಅವಳೇ ಸರಸಮ್ಮನ ಪಕ್ಕದ ಮನೆಯವಳಾಗಿದ್ದಳು.

ಈಗ ಅವಳಿಗೆ ಇನ್ನೂ ಹದಿನೈದು ಮೊಟ್ಟೆ ಕಳಿಸಿದ್ದೀರಿ. ನನ್ನ ಹೇಂಟೆ ಮತ್ತೆ ಕಾವಿಗೆ ಬಂದಿದೆ. ಜುಂಜಮ್ಮ ಕೇಳಲು ಬಂದಳು; ಈ ಸಲ ಕೊಡುವುದಿಲ್ಲ ಎಂದೆ. “ಆಗ್ಲಿ ಬುಡಕ್ಕ, ನಿನ್ ಹ್ಯಾಟೆ ನಿನ್ನಿಷ್ಟ” ಎಂದು ಹೊರಟುಹೋದಳು. ಜಗಳವನ್ನಾದರೂ ಆಡಬಾರದೆ? ಹೇಂಟೆಯನ್ನು ಮಂಕರಿಯಡಿ ಕವುಚಿ ಮೇಲೆ ಕಲ್ಲು ಹೇರಿ ಈ ಕಾಗದಕ್ಕೆ ಕೂತಿದ್ದೇನೆ. ಒಂದು ವಾರದಲ್ಲಿ ಸರ್ಟಿಫಿಕೇಟನ್ನು ತಿದ್ದಿ ಕೊಡಿ. ಇಲ್ಲವಾದರೆ ಆ ಸರ್ಟಿಫಿಕೇಟನ್ನೇ ಮೊಟ್ಟೆಗಳ ಮೇಲೆ ಕೂರಿಸಿ. ಎಷ್ಟು ಮರಿಯಾಗುತ್ತವೋ ನೋಡೋಣ.

ಇಲ್ಲಿಯವರೆಗೆ ಬರೆದು, ಲಕೋಟೆ ತರಲು ಒಳಗೆ ಹೋಗಿ ಬಂದೆ. ಕಲ್ಲು ಉರುಳಿತ್ತು, ಮಂಕರಿ ಮಗುಚಿತ್ತು. ಗೋಡೆಯಾಚೆ ನೋಡಿದರೆ ನನ್ನ ಹೇಂಟೆ ಜುಂಜಮ್ಮನ ಹಿತ್ತಲ ಮೂಲೆಯಲ್ಲಿ ಹದಿನೈದು ಮೊಟ್ಟೆಗಳ ಮೇಲೆ ರೆಕ್ಕೆ ಹರಡಿ ಕೂತಿದೆ. ಜುಂಜಮ್ಮ ನೀರಿನ ಬಟ್ಟಲು ಹಿಡಿದು ದೂರದಲ್ಲೇ ನಿಂತಿದ್ದಾಳೆ. “ನೀನೇ ಮಡಗಕ್ಕ, ನಂಗೆ ಕುಕ್ತದೆ” ಎಂದಳು. ಗೋಡೆ ದಾಟಿ ಹೋಗಿ ನೀರಿಟ್ಟು ಬಂದೆ. ನನಗೂ ಕುಕ್ಕಿತು.

ಆದ್ದರಿಂದ ವಾರದ ಗಡುವು ಬಿಟ್ಟಿದ್ದೇನೆ. ತಮಗೆ ಇಪ್ಪತ್ತೊಂದು ದಿನ ಸಮಯವಿದೆ. ಸರ್ಟಿಫಿಕೇಟಿನ ಕೆಳಗೆ ಎಷ್ಟು ಸಣ್ಣ ಅಕ್ಷರದಲ್ಲಾದರೂ ಆಗಲಿ, ‘ಕಾವು ಕೂತದ್ದು ಸರಸಮ್ಮನ ಹೇಂಟೆ’ ಎಂದು ಒಂದು ಸಾಲು ಸೇರಿಸಿ ಮೊಹರು ಹಾಕಿಸಿಕೊಡಿ.

ಇಂತಿ,
ತನ್ನ ಹೇಂಟೆಯನ್ನೂ ತನ್ನ ಕಡೆ ಇಟ್ಟುಕೊಳ್ಳಲಾಗದ
ಸರಸಮ್ಮ

(ಉತ್ತರ ಬರೆಯುವುದಾದರೆ ವಿಳಾಸ: ಜುಂಜಮ್ಮನ ಪಕ್ಕದ ಮನೆ, ಮದಲೂರು.)