ಬಾಗಿನದ ಬಳೆ

ಕಾರ್ಗಲ್, ಆಗಸ್ಟ್ ೧೪, ರಾತ್ರಿ

ಅಣೆಕಟ್ಟು ತುಂಬಿದೆ. ನಾಳೆ ಗೇಟ್ ತೆಗೆಯುತ್ತಾರಂತೆ. ಕಾಲೊನಿಯ ಹೆಂಗಸರೆಲ್ಲ ಹೊಳೆಗೆ ಬಾಗಿನ ಬಿಡಲು ಸಡಗರದಲ್ಲಿದ್ದಾರೆ. ನಾನೂ ಮೊರದಲ್ಲಿ ಅರಿಶಿನ, ಕುಂಕುಮ, ಬಳೆ ಜೋಡಿಸಿಟ್ಟೆ.

ಈ ನೀರೆಲ್ಲ ಹೋಗುವುದು ನನ್ನ ಮಗಳ ಊರಿಗೆ. ಹೊಳೆ ಸಮುದ್ರ ಸೇರುವ ತಗ್ಗಿನಲ್ಲಿ ಭವ್ಯಾಳ ಗಂಡನ ಮನೆ. ಸಂಜೆ ಫೋನ್ ಮಾಡಿದೆ.

"ಹೆದರ್‍ಬೇಡಮ್ಮ, ಎಮ್ಮೆ ಹಗ್ಗ ಬಿಚ್ಚಿಟ್ಟಿದೀವಿ," ಅಂದಳು. ನೀರು ನುಗ್ಗಿದರೆ ಈಜಿ ಬದುಕಿಕೊಳ್ಳಲಿ ಎಂದು ಅಲ್ಲಿ ಹಾಗೆ ಮಾಡುತ್ತಾರೆ.

"ಮಗೂನ ಎಲ್ಲಿ ಮಲಗಿಸ್ತೀಯೇ?"

"ಅಟ್ಟದ ಮೇಲೆ."

ಎಷ್ಟು ಸಲೀಸಾಗಿ ಹೇಳಿಬಿಟ್ಟಳು!

ಹೊಳೆ ಗುರುತು ಹಿಡಿದು ಆ ಮನೆಯನ್ನು ಬಿಟ್ಟುಬಿಡಲಿ ಎಂದು ಮೊಮ್ಮಗಳ ಅಳತೆಯ ಪುಟ್ಟ ಬಳೆಗಳನ್ನೂ ಮೊರದಲ್ಲಿ ಇಟ್ಟಿದ್ದೆ. ಈಗಷ್ಟೇ ಎದ್ದು ಹೋಗಿ ಅವನ್ನು ತೆಗೆದಿಟ್ಟು ಬಂದೆ. ಹೊಳೆಗೆ ಅವಳ ಅಳತೆ ಗೊತ್ತಾಗುವುದು ಬೇಡ.