ಸಮ ವರ್ಷದ ಪತಂಗಗಳು

ಕೂಸಾಮೊ
14 ಫೆಬ್ರುವರಿ 1988

ಪ್ರೀತಿಯ ತಮ್ಮ ಐಮೋ,

ನಾನು ಕ್ಷೇಮ. ನಿನ್ನ ಪೆಟ್ಟಿಗೆ ಕ್ರಿಸ್‌ಮಸ್ಸಿಗೆ ಮೊದಲೇ ಬಂತು. ಉತ್ತರ ತಡವಾಯಿತು, ಬೈಕೋಬೇಡ. ನೋಡಿದಷ್ಟೂ ಅನುಮಾನ ಹೆಚ್ಚುತ್ತಿತ್ತು, ಏನೆಂದು ಬರೆಯಲಿ?

ಮೊದಲು ನೀನು ಕೇಳಿದ್ದು. ಹತ್ತೊಂಬತ್ತು ಪತಂಗ, ಐದು ಜಾತಿ ಅಂದಿದ್ದೀಯ. ಅಲ್ಲ ಮಾರಾಯ! ಬೂದಿ, ಇಟ್ಟಿಗೆಗೆಂಪು, ಮಸಿಗಪ್ಪು, ಎಲ್ಲವೂ ಒಂದೇ ಜಾತಿ. ಬಣ್ಣ ನಂಬಬೇಡ, ರೆಕ್ಕೆಯ ಮೇಲಿನ ಕಾಳಿನಾಕಾರದ ಮಚ್ಚೆ ನೋಡು ಎಂದು ಅಪ್ಪ ಎಷ್ಟು ಸಲ ಹೇಳಿಲ್ಲ? ನೀನು ಆಗಲೂ ಕೇಳುತ್ತಿರಲಿಲ್ಲ.

ಈಗ ನನ್ನ ಪ್ರಶ್ನೆ. ಚೀಟಿಗಳಲ್ಲೆಲ್ಲ ‘ಮುವೊನಿಯೊ, ಜುಲೈ 1986’ ಎಂದು ಬರೆದಿದ್ದೀಯ. ಈ ಹುಳು ಎರಡು ಚಳಿಗಾಲ ಹಿಮದಡಿ ಕಳೆದ ಮೇಲಷ್ಟೇ ರೆಕ್ಕೆ ಪಡೆಯುತ್ತದೆ. ಹಾಗಾಗಿ ವರ್ಷ ಬಿಟ್ಟು ವರ್ಷ ಹಾರುತ್ತದೆ: ಪಶ್ಚಿಮದ ನಿನ್ನ ಮುವೊನಿಯೊದಲ್ಲಿ ಬೆಸ ವರ್ಷ, ಪೂರ್ವದ ನಮ್ಮಲ್ಲಿ ಸಮ ವರ್ಷ. ತಪ್ಪಿ ಒಂದೆರಡು ಹಾರಿದ್ದರೆ ಒಪ್ಪುತ್ತಿದ್ದೆ. ಹತ್ತೊಂಬತ್ತಾ? ಪಕ್ಕದ ಮನೆಯ ಓಯ್ವಾ ನೋಡಿ ನಕ್ಕ. “ಹಿಲ್ಕಕ್ಕ, ಹುಳಕ್ಕೆ ಕ್ಯಾಲೆಂಡರ್ ಗೊತ್ತು, ನಿಮ್ಮ ತಮ್ಮಂಗೇ ಗೊತ್ತಿಲ್ಲ ನೋಡಿ!” ನನಗೆ ನಗು ಬರಲಿಲ್ಲ.

ಆ ಜುಲೈಯಲ್ಲಿ ಅಮ್ಮ ಈ ಮನೆಯಲ್ಲೇ ಸಾಯುತ್ತಿದ್ದಳು. “ಮುವೊನಿಯೊದಲ್ಲಿದೀನಿ ಅಕ್ಕ, ಕಾರು ಕೆಟ್ಟಿದೆ, ಬರಕ್ಕಾಗಲ್ಲ” ಎಂದು ನೀನು ಫೋನಿನಲ್ಲಿ ಅತ್ತೆ. ನಂಬಿದೆ. ಅವಳನ್ನು ಮಣ್ಣು ಮಾಡಿದ ಮರುದಿನ, ಮನೆ ಹಿಂದಿನ ಸ್ಪ್ರೂಸ್ ಮರಕ್ಕೆ ಯಾರೋ ಸಕ್ಕರೆ ಬೆರೆಸಿದ ಬಿಯರ್ ಬಳಿದದ್ದು ಕಂಡೆ. ಪತಂಗ ಸೆಳೆಯಲು ಅಪ್ಪ ಬಳಿಯುತ್ತಿದ್ದಂತೆಯೇ, ಎದೆಯೆತ್ತರಕ್ಕೆ, ಅಂಗೈಯಗಲ. ಓಯ್ವಾನ ಕೆಲಸವಿರಬೇಕೆಂದು ಸುಮ್ಮನಾದೆ. ಮೊನ್ನೆ ಕೇಳಿದರೆ, “ನಾನ್ಯಾಕೆ ಮರಕ್ಕೆ ಬಳೀಲಿ? ಬಿಯರ್ ಸಿಕ್ರೆ ಕುಡೀತೀನಿ” ಅಂದ. ಚೀಟಿಯಲ್ಲಿ ಊರು ಬದಲಿಸಿದೆಯಲ್ಲ, ವರ್ಷ ಬದಲಿಸುವುದು ಮರೆತೆಯಾ? ಬಾಗಿಲವರೆಗೆ ಬಂದವನಿಗೆ ಒಳಗೆ ಬರಲು ಏನಾಗಿತ್ತೋ? ಹೆದರಿದೆಯಾ?

ಪೆಟ್ಟಿಗೆ ವಾಪಸು ಕಳಿಸುವುದಿಲ್ಲ. ಜವುಗಿನ ಹಳದಿ ಹಣ್ಣಿನ ಜಾಮ್ ಕಳಿಸಿದ್ದೇನೆ, ತಿನ್ನು. ಸಿಟ್ಟಿದೆ, ಆದರೂ ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ಅಕ್ಕ
ಹಿಲ್ಕಾ

ತಾ.ಕ.: ನೀನು ಸುಳ್ಳು ಹೇಳಿದ್ದನ್ನು ಹೇಗೋ ನುಂಗಿಕೊಂಡೇನು. ಸಾಯುವ ಮೂರು ದಿನ ಮೊದಲು ಅಮ್ಮ ಕಿಟಕಿಯತ್ತ ಕೈ ತೋರಿಸಿ, “ಹಿಲ್ಕಾ, ನಮ್ ಐಮೋ ಬಂದಿದಾನೆ ಕಣೇ. ಬಲೆ ಹಿಡ್ಕೊಂಡು ಮರದ ಹತ್ರ ನಿಂತಿದಾನೆ. ಒಳಗೆ ಕರಿಯೇ” ಅಂದಳು. ನಾನು ಎದ್ದು ನೋಡಲೂ ಇಲ್ಲ. “ಜ್ವರಕ್ಕೆ ಏನೇನೋ ಕಾಣ್ತಿದೆ ನಿಂಗೆ, ಸುಮ್ನೆ ಮಲಕ್ಕೋ” ಎಂದು ಗದರಿ ಪರದೆ ಎಳೆದೆ. ಆಮೇಲೆ ಅವಳು ನಿನ್ನ ಹೆಸರೆತ್ತಲಿಲ್ಲ.