ಹೊಸ್ತಿಲ ಕೆಳಗಿನ ತಗಡು

ಗುಬ್ಬಿ
14-11-2024, ಗುರುವಾರ

ನನ್ನ ಮುದ್ದಿನ, ಮುಂಗೋಪದ ಸೊಸೆ ದೀಪಿಕಾಗೆ,

ಹೇಗಿದ್ದೀಯ? ಸೊಂಟನೋವು ಇಳಿಯಿತೇ? ಬಾಣಂತಿ ಮೈ, ತಣ್ಣೀರಿಗೆ ಕೈ ಹಾಕಬೇಡ. ಕೂಸಿಗೆ ಕತ್ತು ನಿಂತಿತೇ? ಕಿವಿಗೆ ಗಾಳಿ ಹೋಗದ ಹಾಗೆ ಕುಲಾವಿ ಕಟ್ಟು. ಇದೆಲ್ಲ ನಿಮ್ಮಮ್ಮನಿಗೆ ಗೊತ್ತಿರುತ್ತದೆ, ಆದರೂ ಹೇಳದೆ ಇರಲಾರೆ. ನಾನು ಗುಂಡುಕಲ್ಲಿನ ಹಾಗಿದ್ದೇನೆ. ಫೋನಿನಲ್ಲಿ ನನ್ನ ಹೆಸರು ಕಂಡ ಕೂಡಲೇ ಕಟ್ ಮಾಡುತ್ತೀಯಲ್ಲ, ಅದಕ್ಕೇ ಈ ಕಾಗದ. ಹರಿದು ಹಾಕೋಣವೆಂದುಕೊಂಡರೂ ನಿನ್ನ ಕೈಲಿ ಆಗುವುದಿಲ್ಲ. ಕಡಲೆಕಾಯಿ ಕಟ್ಟಿಕೊಟ್ಟ ಪೇಪರನ್ನೂ ಬಿಡದೆ ಓದುವವಳು ನೀನು.

ದೀಪಿಕಾ, ಅರ್ಥ ಸಿಕ್ಕಿತು ಕಣೇ! ಆ ತಾಮ್ರದ ತಗಡಿನ ಮಂತ್ರದ ಅರ್ಥ! ನಿನ್ನೆ ತುಮಕೂರಿನಿಂದ ಬರುವಾಗ ಬಸ್ಸಿನಲ್ಲಿ ಪಕ್ಕದವಳಿಗೆ ಎಲ್ಲವನ್ನೂ ಹೇಳಿಬಿಟ್ಟೆ. ಅವಳು ಯಾರೋ ಏನೋ, ಪಾಪ, ನಿಟ್ಟೂರಿನವಳಂತೆ.

ಜೂನ್ ತಿಂಗಳಲ್ಲಿ ಹೊಸ್ತಿಲಿಗೆ ಗ್ರಾನೈಟ್ ಹಾಕಿಸಲು ಹಳೆಯ ಕಲ್ಲು ಎಬ್ಬಿಸಿದಾಗ ಗಾರೆಯವನ ಕೈಗೆ ಆ ತಗಡು ಬಂತು. ನೀನು ಆಗ ಏಳು ತಿಂಗಳ ಬಸುರಿ. ನಡುವೆ ನಿನ್ನ ಹೆಸರು, ಸುತ್ತ ಬಳೆಯ ಹಾಗೆ ಮಂತ್ರ. ಭಕ್ಷ, ಜ್ವಾಲಾಜಿಹ್ವೇ, ಕರಾಳದಂಷ್ಟ್ರೇ, ಪ್ರತ್ಯಂಗಿರೇ. ನೀನು ಮೊಬೈಲಿನಲ್ಲಿ ಹುಡುಕಿ ಓದಿದೆ: ತಿನ್ನು, ಬೆಂಕಿ ನಾಲಿಗೆಯವಳೇ, ಘೋರ ಕೋರೆಹಲ್ಲಿನವಳೇ. ಮುಖವೆಲ್ಲ ಬಿಳಿಚಿಕೊಂಡಿತು. “ನನ್ನನ್ನ ತಿನ್ನು ಅಂತ ಬರ್ಸಿದೀರಾ ಅತ್ತೆ?” ಅಂದೆ. ಆಗ ನಾನು ಬಾಯಿ ಮುಚ್ಚಿಕೊಂಡು ಇರಬಹುದಿತ್ತು. ನನ್ನ ಹಾಳು ಬಾಯಿ, “ಹೂಂ ಕಣೇ, ನಾನೇ ಬರ್ಸಿದ್ದು, ಏನೀಗ?” ಎಂದುಬಿಟ್ಟಿತು. ಸಂಜೆಯ ಬಸ್ಸಿಗೆ ನೀನು ಕುಣಿಗಲ್ಲಿನ ತವರಿಗೆ ಹೊರಟೇಹೋದೆ.

ಬರೆಸಿದ್ದು ನಾನೇ, ಅದು ಸುಳ್ಳಲ್ಲ. ಹೋದ ವರ್ಷ ಐದನೇ ತಿಂಗಳಲ್ಲಿ ಆ ಮೊದಲ ಕೂಸು ಹೊಟ್ಟೆಯಲ್ಲೇ ಹೋಯಿತಲ್ಲ, ಆಮೇಲೆ ನೀನು ಮತ್ತೆ ಬಸುರಿ ಎಂದು ಗೊತ್ತಾದಾಗ ನನಗೆ ಖುಷಿಗಿಂತ ಹೆದರಿಕೆಯೇ ಹೆಚ್ಚಾಯಿತು. ಯಾರಿಗೂ ಹೇಳದೆ ತುಮಕೂರಿಗೆ ಹೋಗಿ, ತಗಡು ಕೆತ್ತುವ ಬುಡನ್ ಸಾಬರಿಂದ ಮಾಡಿಸಿಕೊಂಡು ಬಂದು, ಹೊಸ್ತಿಲ ಕಲ್ಲಿನ ಅಡಿಗೆ ತೂರಿಸಿಟ್ಟೆ. ಉಗ್ರದೇವಿಯ ರಕ್ಷೆ ಎಂಬುದಷ್ಟೇ ನನಗೆ ಗೊತ್ತಿದ್ದದ್ದು. ರಕ್ಷೆ ಇಟ್ಟದ್ದನ್ನು ಬಾಯಿಬಿಟ್ಟರೆ ಅದರ ಬಲ ಹೋಗುತ್ತದೆ ಎನ್ನುವುದು ನಮ್ಮಲ್ಲಿ ಹಿಂದಿನಿಂದ ಬಂದ ಮಾತು. ಅದಕ್ಕೇ ಹೇಳಲಿಲ್ಲ. ನೀನು ಆ ಅರ್ಥ ಓದಿದಾಗ ನನಗೂ ಒಳಗೊಳಗೇ ಭಯವಾಯಿತು, ತಪ್ಪು ಮಂತ್ರ ಹಾಕಿಸಿಬಿಟ್ಟೆನಾ ಎಂದು. ಐದು ತಿಂಗಳು ಆ ಭಯವನ್ನು ಹೊಟ್ಟೆಯಲ್ಲಿಟ್ಟುಕೊಂಡೇ ತಿರುಗಿದ್ದೇನೆ. ನಿನ್ನೆ ಧೈರ್ಯ ಮಾಡಿ ತಗಡನ್ನು ಸೆರಗಿಗೆ ಕಟ್ಟಿಕೊಂಡು ಹೋಗಿ ಅವರ ಮುಂದಿಟ್ಟೆ.

ಬುಡನ್ ಸಾಬರು ಕನ್ನಡಕ ಹಾಕಿಕೊಂಡು ನೋಡಿ, ನಕ್ಕುಬಿಟ್ಟರು. ಅರ್ಥ ತಿಳಿಯದೆ ಉಳಿ ಮುಟ್ಟಬಾರದು ಎಂದು ಅವರ ಅಪ್ಪನ ಕಾಲದ ಪುರೋಹಿತರೊಬ್ಬರು ಒಂದೊಂದೇ ಮಾತು ಕಲಿಸಿದ್ದರಂತೆ. “ಅಮ್ಮಾ, ಓದ್ಬೇಡಿ, ಮೊದ್ಲು ತಗಡು ತಿರುಗ್ಸಿ ನೋಡಿ. ಅಕ್ಷರದ ತಲೆಯೆಲ್ಲ ಯಾವ ಕಡೆ ಐತೆ?” ಎಂದರು. ತಿರುಗಿಸಿ ನೋಡಿದೆ. ಎಲ್ಲ ಅಕ್ಷರದ ತಲೆಯೂ ಹೊರಗೆ, ಕಾಲು ನಿನ್ನ ಹೆಸರಿನ ಕಡೆಗೆ! “ಕೇಡು ಮಾಡೋರು ತಲೆ ಒಳಕ್ಕೆ ಮಾಡಿ ಬರೆಸ್ತಾರೆ, ನಾನು ಅದನ್ನ ಕೆತ್ತಾಕಿಲ್ಲ. ಇಲ್ಲಿ ತಾಯಿ ನಿಮ್ಮ ಸೊಸೇನ ಬೆನ್ನ ಹಿಂದೆ ಕೂರಿಸ್ಕಂಡು ಬೀದಿ ಕಡೆ ಬಾಯಿ ತೆರೆದವ್ಳೆ. ಬರೋ ಕೇಡನ್ನ ತಿನ್ನು ಅಂತ ಅವಳಿಗೆ ಹೇಳೋದು. ಪ್ರತ್ಯಂಗಿರೆ ಅಂದ್ರೆ ಬಂದಿದ್ದನ್ನ ಬಂದ ದಾರೀಲೇ ಅಟ್ಟೋಳು” ಎಂದರು. ನನಗೆ ತಕ್ಷಣ ನಮ್ಮ ಗೌರಿ ಹಸುವಿನ ನೆನಪಾಯಿತು. ಕರು ಹಾಕಿದ ವಾರ ಅದು ನಿನ್ನನ್ನು ಹಿತ್ತಿಲೆಲ್ಲ ಓಡಿಸಿರಲಿಲ್ಲವೇ? ಅಷ್ಟೇ ಕಣೇ ಈ ಮಂತ್ರ! ಕೋರೆಹಲ್ಲು, ಬೆಂಕಿ ನಾಲಿಗೆ ಎಲ್ಲ ಹೊರಗಿನವರಿಗೆ. ಒಳಗಿರುವ ಕೂಸಿಗೆ ಅವಳ ಬೆನ್ನು ಮಾತ್ರ ಕಾಣುತ್ತದೆ. ನಾನು ಅಂಗಡಿಯಲ್ಲೇ ಅತ್ತುಬಿಟ್ಟೆ, ಅವರು ಟೀ ತರಿಸಿದರು.

ಇನ್ನೂ ಇದೆ, ಕೇಳು. ನೀನು ಬರುವವರೆಗೆ ಹೊಸ್ತಿಲು ಕೂರಿಸಕೂಡದು ಎಂದು ನಾನು ಗಾರೆಯವನಿಗೆ ಹೇಳಿದ್ದೆ. ಗ್ರಾನೈಟ್ ಇನ್ನೂ ಗೋಡೆಗೆ ಒರಗಿಕೊಂಡೇ ಇದೆ. ಇವತ್ತು ಬೆಳಿಗ್ಗೆ ತಗಡನ್ನು ಮತ್ತೆ ಇಡೋಣವೆಂದು ಆ ಜಾಗದಲ್ಲಿ ಹಾರೆ ಹಾಕಿ ಸ್ವಲ್ಪ ಆಳಕ್ಕೆ ತೋಡಿದೆ. ಠಣ್ ಎಂದಿತು. ಇನ್ನೊಂದು ತಗಡು! ಹಸಿರು ಕಿಲುಬು ಹಿಡಿದಿತ್ತು. ಹುಣಸೆಹಣ್ಣು ಹಾಕಿ ತಿಕ್ಕಿದೆ. ಅದೇ ಮಂತ್ರ, ತಲೆ ಹೊರಗೆ, ನಡುವೆ “ರಂಗಲಕ್ಷ್ಮಿ”. ನಾನು! ಇಡಿಸಿದ್ದು ನಮ್ಮತ್ತೆಯೇ ಇರಬೇಕು, ಈ ಮನೆಯ ಹೊಸ್ತಿಲು ಮುಟ್ಟಲು ಇನ್ನಾರಿಗೆ ಬಿಡುತ್ತಿದ್ದಳು ಅವಳು? ಸಾರಿಗೆ ಉಪ್ಪು ಜಾಸ್ತಿಯೆಂದು ಇಪ್ಪತ್ತು ವರ್ಷ ಗೊಣಗಿದವಳು. ಅವಳನ್ನು ನಿನ್ನ ಮುಂದೆ ಎಷ್ಟು ಆಡಿಕೊಂಡಿದ್ದೇನೆ! ಒಂದು ಮಾತು ಹೇಳದೆ ಹೋಗಿಬಿಟ್ಟಳಲ್ಲ. ಬಲ ಹೋದರೆ ಹೋಗಲಿ, ನಾನು ಅವಳ ಹಾಗೆ ಹೇಳದೆ ಸಾಯುವುದಿಲ್ಲ. ನಿನ್ನ ಮೇಲೆ ನನಗೆ ಪ್ರಾಣ ಕಣೇ. ಅವತ್ತು ಹಾಗೆ ಅಂದಿದ್ದು ತಪ್ಪು.

ನಿಮ್ಮಪ್ಪ ಅಮ್ಮನಿಗೆ ನನ್ನ ನಮಸ್ಕಾರ ತಿಳಿಸು. ನಿನಗೂ ಕೂಸಿಗೂ ಆ ಬೆಂಕಿ ನಾಲಿಗೆಯವಳ ಬೆನ್ನಿನ ನೆರಳು ಸದಾ ಇರಲಿ.

ನಿನ್ನ ಅತ್ತೆ,
ರಂಗಲಕ್ಷ್ಮಮ್ಮ

ಮರೆತೆ: ಬುಡನ್ ಸಾಬರು ಇನ್ನೊಂದು ಪುಟ್ಟ ತಗಡು ಕೆತ್ತುತ್ತಿದ್ದಾರೆ. ಸುತ್ತಲಿನದೆಲ್ಲ ಮುಗಿದಿದೆ, ನಡುವೆ ಮಾತ್ರ ಖಾಲಿ. ನಿನ್ನ ಗಂಡ ನಾಗಭೂಷಣ ಭಾನುವಾರ ಭಾನುವಾರ ನಿಮ್ಮಲ್ಲಿಗೆ ಬಂದು ಹೋಗುತ್ತಾನೆ, ಕೇಳಿದರೆ “ದೀಪಿಕಾ ಹೇಳ್ಬೇಡ ಅಂದವ್ಳೆ ಅಮ್ಮ” ಎಂದು ತಲೆ ತಗ್ಗಿಸುತ್ತಾನೆ. ಕೂಸು ಹುಟ್ಟಿ ಮೂರು ತಿಂಗಳಾಯಿತು. ನನ್ನ ಮೊಮ್ಮಗಳಿಗೆ ಏನು ಹೆಸರಿಟ್ಟೆ ಕಣೇ?